ಇರುವೆ ಹೊಕ್ಕ ಕಂಪ್ಯೂಟರ್ ಮತ್ತು ನನ್ನ ಒಪ್ಪಿಗೆ

ವೆಳ್ಳಮುಂಡ
ಆಗಸ್ಟ್ 11, 2023

ಕನಕಗಿರಿಯಲ್ಲಿ ಸಂಘದೊಡನೆ ಚಾತುರ್ಮಾಸದಲ್ಲಿರುವ ಪೂಜ್ಯ ವಿಮಲಕ್ಕನವರ ಸನ್ನಿಧಿಗೆ, ಒಡಹುಟ್ಟಿದ ತಮ್ಮ ಜಿನಚಂದ್ರನು ಉದ್ದಕ್ಕೆ ಅಡ್ಡಬಿದ್ದು ಮಾಡಿಕೊಳ್ಳುವ ಬಿನ್ನಹ.

ಇನ್ನು ಮೇಲೆ ‘ನೀವು’ ಎಂದೇ ಬರೆಯಬೇಕೆಂದು ಅಮ್ಮನ ಕಟ್ಟಪ್ಪಣೆ. ಪತ್ರವನ್ನು ನಿಮ್ಮ ಸಂಘದ ಹಿರಿಯ ಮಾತಾಜಿಯವರು ಮೊದಲು ಓದಿ ಆಮೇಲೆ ನಿಮಗೆ ಕೊಡುತ್ತಾರಂತೆ; ಆದ್ದರಿಂದ ಅವರಿಗೂ ವಂದಾಮಿ. ಇದರಲ್ಲಿ ಗ್ರಾಫಿಕ್ಸ್ ಕಾರ್ಡು, ಮದರ್‌ಬೋರ್ಡು ಮುಂತಾದ ಲೌಕಿಕ ಪದಾರ್ಥಗಳು ಬರುತ್ತವೆ, ಕ್ಷಮೆ ಇರಲಿ.

ವಿಷಯ ಹೀಗಿದೆ. ಕಾರ್ತೀಕದಲ್ಲಿ ನಿಮ್ಮ ದೀಕ್ಷೆಗೆ ಮನೆಯವರೆಲ್ಲ ಒಪ್ಪಿ ಬರೆದುಕೊಡಬೇಕೆಂದು ಅಪ್ಪ ಒಂದು ಕಾಗದ ತಂದಿದ್ದಾರೆ. ಅಪ್ಪ, ಅಮ್ಮ, ಅಜ್ಜಿ ಮೂವರೂ ರುಜು ಹಾಕಿಯಾಯಿತು. ನಾಲ್ಕನೆಯ ಸಾಲು ನನ್ನದು. ಹದಿನೆಂಟು ತುಂಬಿದ್ದಕ್ಕೆ ಸಿಕ್ಕಿದ ಮೊದಲ ಅಧಿಕಾರ ಇದು; ಎರಡು ವಾರದಿಂದ ಚಲಾಯಿಸದೆ ಇಟ್ಟುಕೊಂಡಿದ್ದೇನೆ. ನನ್ನ ಷರತ್ತು ಒಂದೇ. ನೀವು ಒಂದು ದಿನದ ಮಟ್ಟಿಗೆ ಮನೆಗೆ ಬಂದು, ನಮ್ಮ ಕಂಪ್ಯೂಟರಿಗೆ ಯಾವ ಯಾವ ಹೊಸ ಭಾಗ ಹಾಕಬೇಕೆಂದು ಆರಿಸಿಕೊಟ್ಟು ಹೋಗಬೇಕು. ಅದನ್ನು ಜೋಡಿಸಿದವರು ನೀವು. ಚಾತುರ್ಮಾಸದಲ್ಲಿ ಊರು ಬಿಡಬಾರದೆಂಬುದು ದೀಕ್ಷೆ ಆದವರಿಗೆ. ನೀವಿನ್ನೂ ಬ್ರಹ್ಮಚಾರಿಣಿ ಅಷ್ಟೆ, ಬರಬಹುದು. ಅಜ್ಜಿಯನ್ನು ಕೇಳಿ ಖಚಿತ ಮಾಡಿಕೊಂಡಿದ್ದೇನೆ.

ಸಮಸ್ಯೆಯ ವಿವರ: ಹೊಸ ಆಟಕ್ಕೆ ಹದಿನಾರು ಜಿಬಿ ರ‍್ಯಾಮ್ ಬೇಕು, ನಮ್ಮಲ್ಲಿರುವುದು ಎಂಟು. ಹೊಸ ಗ್ರಾಫಿಕ್ಸ್ ಕಾರ್ಡು ಹಾಕೋಣವೆಂದರೆ ಹಳೆಯ ಪವರ್ ಸಪ್ಲೈಗೆ ಅದನ್ನು ಸಾಕುವ ಶಕ್ತಿ ಇಲ್ಲ. ದೊಡ್ಡ ಪವರ್ ಸಪ್ಲೈ ತಂದರೂ ಕಾರ್ಡು ಉದ್ದ, ಕ್ಯಾಬಿನೆಟ್ಟಿನಲ್ಲಿ ಕೂರುವುದಿಲ್ಲ. ಒಂದನ್ನು ಮುಟ್ಟಿದರೆ ಇನ್ನೊಂದು ಕೈ ಹಿಡಿದುಕೊಳ್ಳುತ್ತದೆ. ವಸ್ತುಗಳ ಅಂಟು, ಪರಿಗ್ರಹ ಅಂದರೆ ಇದೇ ಎಂದು ನೀವು ನಗಬಹುದು. ನಗಿ. ಆದರೆ ಬಂದು ನಗಿ.

ಕಳೆದ ಶನಿವಾರ ಅಪ್ಪ ನನ್ನನ್ನು ಮಾನಂದವಾಡಿಗೆ, ನೀವು ಹಿಂದೆ ಭಾಗಗಳನ್ನು ಕೊಂಡಿದ್ದ ಮಾಧವನ್ ಅಂಗಡಿಗೇ ಕರೆದುಕೊಂಡು ಹೋದರು. ಕರಿಮೆಣಸಿನ ವ್ಯಾಪಾರಿಯ ಕೈ ಸುಮ್ಮನಿರುತ್ತದೆಯೇ? ಎರಡು ಅಂಗೈಯಲ್ಲಿ ಎರಡು ಕಾರ್ಡು ಇಟ್ಟು ತೂಗಿ ನೋಡಿ, “ಇದು ಜೊಳ್ಳು. ಅದು ಗಟ್ಟಿ, ಅದನ್ನೇ ಕೊಡು” ಎಂದರು. ಅಂಗಡಿಯ ಮಾಧವೇಟ್ಟನ್ ನಗು ತಡೆದುಕೊಂಡು, “ಪದ್ಮಪ್ಪ ಗೌಡ್ರೇ, ಇದು ಮೆಣಸಲ್ಲ. ನಿಮ್ಮ ಮೋಳ್ ಎಲ್ಲಿ? ಮಗಳನ್ನ ಕಳಿಸಿ. ನನಗೇ ಪಾಠ ಹೇಳ್ದವಳು ಅವಳು” ಎಂದರು.

ಅಪ್ಪ ಆ ಗಟ್ಟಿ ಕಾರ್ಡನ್ನು ಹಿಡಿದುಕೊಂಡೇ ನಿಂತಿದ್ದರು. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ, “ಅವಳಿಗೆ ಇನ್ನು ಒಂದು ಬಳೆ ಕೊಡ್ಸೋಕೂ ಆಗಲ್ಲ ಮಗಾ. ನೀನಾದ್ರೂ ಏನಾದ್ರೂ ಕೇಳು. ದೊಡ್ಡದೇ ಕೇಳು” ಎಂದರು. ಬರಿಗೈಯಲ್ಲಿ ವಾಪಸು ಬಂದೆವು.

ಇಲ್ಲಿಗೆ ‘ನೀವು’ ಸಾಕು ಅಕ್ಕ, ಕೈ ನೋಯುತ್ತಿದೆ. ನಿನಗೊಂದು ನಿಜ ಹೇಳಬೇಕು.

ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ಹೊಸ ಆಟವೂ ನನಗೆ ಬೇಕಿರಲಿಲ್ಲ. ಅಪ್ಪ ಕಾಗದ ತಂದ ದಿನವೇ ನಾನು ಕ್ಯಾಬಿನೆಟ್ಟಿನ ಬದಿಯ ಮುಚ್ಚಳ ಬಿಚ್ಚಿ, ರ‍್ಯಾಮ್ ಕಿತ್ತು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು, “ಅಯ್ಯೋ, ಸತ್ತೇಹೋಯ್ತು! ಅಕ್ಕ ಮುಟ್ಟಿದ್ರೆ ಮಾತ್ರ ಜೀವ ಬರ‍್ತದೆ” ಎಂದು ನಡುಮನೆಯಲ್ಲಿ ಗೋಳಾಡಿದೆ. ಎರಡೇ ದಿನದಲ್ಲಿ ನಿನಗೆ ಸುದ್ದಿ ಮುಟ್ಟುತ್ತದೆ, ನೀನು ಬರುತ್ತೀ, ಬಂದವಳು ಉಳಿಯುತ್ತೀ ಎಂದುಕೊಂಡಿದ್ದೆ. ಮುಚ್ಚಳ ಹಾಕಲು ಮಾತ್ರ ಮರೆತೆ. ಹೊರಗೆ ಬಿಡದ ಮಳೆ. ನಾಲ್ಕನೆಯ ದಿನ ನೋಡಿದರೆ ಕೆಂಪಿರುವೆಗಳು ಮೊಟ್ಟೆ ಕಚ್ಚಿಕೊಂಡು ಸಾಲಾಗಿ ಬಂದು, ಮದರ್‌ಬೋರ್ಡಿನ ಮೇಲೆ ಸಂಸಾರ ಹೂಡಿವೆ.

ಬ್ರಷ್ ಎತ್ತಿಕೊಂಡೆ. ಅಜ್ಜಿ ಕಂಡುಬಿಟ್ಟಳು. “ಚಾತುರ್ಮಾಸದಲ್ಲಿ ಒಂದು ಮೊಟ್ಟೆ ಒಡೆದೀಯಾ, ಜೋಕೆ! ತಾವಾಗೇ ಎದ್ದು ಹೋಗೋ ತನಕ ಕರೆಂಟೂ ಇಲ್ಲ, ಆಟವೂ ಇಲ್ಲ” ಎಂದು ವಯರನ್ನೇ ಕಿತ್ತು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ನಾನು ಹೇಳಿದ ಸುಳ್ಳು ಹೀಗೆ ನಿಜವಾಯಿತು. ಅದಕ್ಕೇ ಅಪ್ಪ ಎಲ್ಲವನ್ನೂ ಹೊಸದೇ ತೆಗೆದುಕೊಳ್ಳೋಣ ಎಂದು ಹೊರಟಿದ್ದು. ಎಲ್ಲ ಹೊಸದಾದರೆ ಅದು ನೀನು ಜೋಡಿಸಿದ್ದು ಹೇಗಾಗುತ್ತದೆ?

ಕಾಲೇಜಿನಿಂದ ಬಂದು ದಿನವೂ ಆ ಇರುವೆಗಳ ಮುಂದೆ ಕೂರುತ್ತೇನೆ. ಹೋಗಿ ಎನ್ನಲಾರೆ, ಇರಿ ಎನ್ನಲಾರೆ. ಹೀಗೆ ಕೂತಾಗಲೇ ಹೊಳೆಯಿತು: ನಾವಿಬ್ಬರೂ ಯುದ್ಧದ ಆಟ ಆಡಿದ ನಾಲ್ಕು ವರ್ಷದಲ್ಲಿ ನೀನು ಒಂದು ಗುಂಡೂ ಹಾರಿಸಲಿಲ್ಲ. ಮದ್ದಿನ ಪೆಟ್ಟಿಗೆ ಹೊತ್ತು, ಬಿದ್ದವರನ್ನು ಎಬ್ಬಿಸುತ್ತಾ ನನ್ನ ಹಿಂದೆ ಓಡಾಡಿದೆ. ಒಮ್ಮೆ ಎದುರು ಪಕ್ಷದವನನ್ನೂ ಎಬ್ಬಿಸಲು ಹೋದೆ, ಆಟ ಒಪ್ಪಲಿಲ್ಲ. ನಾನು ನಿನ್ನನ್ನು ‘ಕಾಂಪೌಂಡರ್’ ಎಂದು ರೇಗಿಸಿದೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ನಿನ್ನ ದಾರಿ ಕಂಡವನು ನಾನು. ಕಂಡೂ ನಕ್ಕೆ.

ದೀಕ್ಷೆಯ ದಿನ ತಲೆಗೂದಲನ್ನು ಕೈಯಲ್ಲೇ ಕೀಳುತ್ತಾರಂತೆ. ನಾನು ಜಡೆ ಎಳೆದರೆ ಅಪ್ಪನ ಹತ್ತಿರ ಓಡಿಹೋಗಿ ಚಾಡಿ ಹೇಳುತ್ತಿದ್ದವಳು ನೀನು. ಅವತ್ತು ಯಾರ ಹತ್ತಿರ ಹೇಳುತ್ತೀ?

ಹೋಗಲಿ. ಯಾವ ಕಾರ್ಡು ಎಂದಾದರೂ ಬರೆ. ಅದಕ್ಕೂ ಅಪ್ಪಣೆ ಇಲ್ಲದಿದ್ದರೆ ಬೇಡ.

ಕಾರ್ತೀಕದ ತನಕವಾದರೂ ನಿನ್ನ ತಮ್ಮ,
ಜಿನಚಂದ್ರ

ತಾ.ಕ.: ಷರತ್ತು ವಾಪಸು. ಕಾಗದವನ್ನು ಇದರೊಳಗೇ ಮಡಚಿ ಇಟ್ಟಿದ್ದೇನೆ, ರುಜು ಹಾಕಿದ್ದೇನೆ. ಅದರಲ್ಲಿ ‘ಸಂತೋಷದಿಂದ ಒಪ್ಪಿರುತ್ತೇವೆ’ ಎಂದು ಬರೆದಿತ್ತು. ‘ಸಂತೋಷದಿಂದ’ ಎಂಬುದನ್ನು ಗೀಟು ಎಳೆದು ಹೊಡೆದುಹಾಕಿದ್ದೇನೆ. ಮಾತಾಜಿಯವರು ಕೇಳಿದರೆ, ನನ್ನ ತಮ್ಮ ಹುಟ್ಟಿದಾಗಿನಿಂದ ಬರೆದದ್ದರಲ್ಲಿ ಸುಳ್ಳಿಲ್ಲದ್ದು ಇದೊಂದೇ ಎಂದು ಹೇಳು. ಗೀಟು ಎಳೆಯುವಾಗ ಅಮ್ಮ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಬೈಯಲಿಲ್ಲ.