ಅಪ್ಪನ ದನಿಯಲ್ಲಿ ಬಂದ ಕರೆ

ಖಾನಾಪುರ

ಶಶಿಧರ ಕಾಕಾ ಅವರಿಗೆ,

ತೀರಿಹೋದ ಅಪ್ಪನ ಹಳೆಯ ಭಾಷಣಗಳನ್ನಷ್ಟೇ ಕೇಳಿಸುತ್ತೇವೆ, ಅವರ ದನಿಯಲ್ಲಿ ಹೊಸ ಮಾತು ಆಡಿಸುವುದಿಲ್ಲ ಎಂದು ಮಾತು ಕೊಟ್ಟಿರಿ. ನಂಬಿ ರೆಕಾರ್ಡಿಂಗ್ ಕೊಟ್ಟೆ. ಈಗ ಅಳಿಸಿ ಎಂದರೆ, ಆ ದನಿ ಗೋಡಂಬಿ ಕಾರ್ಮಿಕರ ಸಂಘದ್ದು ಎನ್ನುತ್ತೀರಿ.

ಮೊನ್ನೆ ನಿಮ್ಮ ಎಐ ಅಪ್ಪನ ದನಿಯಲ್ಲಿ ಸದಸ್ಯರಿಗೆಲ್ಲ ಫೋನು ಮಾಡಿತು. ಅವ್ವನೂ ಸದಸ್ಯೆ ಎಂಬುದು ಯಾರಿಗೂ ನೆನಪಾಗಲಿಲ್ಲವೇ?

"ಅಕ್ಕಾರ, ಮೋರ್ಚಾಕ್ಕ ತಪ್ಪದ ಬರ್ರಿ," ಎಂದಿತು.

"ಉಂಡ್ರೇನ್ರೀ?" ಎಂದು ಅವ್ವ ಕೇಳಿದಳು. ಕರೆ ಕಡಿದುಹೋಯಿತು.

"ಇಷ್ಟು ವರ್ಷ ಬಾಳೇವು ಮಾಡಿದಾಕಿಗೆ ಅಕ್ಕಾರ ಅಂದ್ರಲ್ಲ," ಎಂದು ಫೋನು ಹಿಡಿದೇ ಕುಳಿತಳು.

ಮಾಲೀಕರು ಸುಳ್ಳಾಡಿದಾಗ ಗೇಟಿನ ಮುಂದೆ ಕೂಗುತ್ತಿದ್ದೆವು. ನಮ್ಮವರೇ ಸುಳ್ಳಾಡಿದರೆ ಎಲ್ಲಿ ಕೂಗಲಿ, ಕಾಕಾ?

ಮೋರ್ಚಾಕ್ಕೆ ನಾನು ಬಂದೇ ಬರುತ್ತೇನೆ. ಅದಕ್ಕೂ ಮೊದಲು ಆ ದನಿಯನ್ನು ಅವ್ವನ ಎದುರೇ ಅಳಿಸಿ. ಅವಳನ್ನು ಪೀರನವಾಡಿಯ ಸಂಘದ ಕಚೇರಿಗೆ ಕರೆತರುತ್ತೇನೆ, ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ.

ದುಂಡಪ್ಪನವರ ಮಗಳು,
ಸಮೃದ್ಧಿ