ಹನೋಕ ಮಾಸ್ತರನ ವಿಶ್ವಾಸ, ನಮ್ಮ ಹುಂಜ

ಕರುಣಾ,

ರೊಟ್ಟಿ ಬುಟ್ಟಿಯಲ್ಲಿವೆ. ಬದನೆಕಾಯಿ ಪಲ್ಯ ಬಿಸಿ ಮಾಡಿಕೊಂಡು ಉಣ್ಣು, ಆಮೇಲೆ ಇದನ್ನು ಓದು.

ಯರಗಟ್ಟಿಯ ಹನೋಕ ಮಾಸ್ತರನಿಗೆ ಯೇಸುವಿನಲ್ಲಿ ನಿಜವಾಗಿ ವಿಶ್ವಾಸವಿದೆಯೋ, ಅದು ನಿನ್ನನ್ನು ಮದುವೆಯಾಗಲು ಹಾಕಿದ ವೇಷವೋ ನೋಡು ಎಂದಿದ್ದೆಯಲ್ಲ. ರವಿವಾರ ನಮ್ಮ ಮನೆಗೆ ಬಂದು ಅವನು ಕೀರ್ತನೆಗಳನ್ನು ಬಾಯಿಪಾಠ ಒಪ್ಪಿಸಿದಾಗ ನಾನು ಮರುಳಾಗಲಿಲ್ಲ. ಅದನ್ನು ಟೇಪ್‌ರೆಕಾರ್ಡರೂ ಹೇಳುತ್ತದೆ. ಊಟಕ್ಕೆ ಮುಂಚಿನ ಅವನ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಸಾರು ಆರಿತ್ತು. ಅದಕ್ಕೂ ನಾನು ಅಂಕ ಕೊಡಲಿಲ್ಲ.

ಇವತ್ತು ಮತ್ತೆ ಬಂದು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ.

"ಅವ್ವಾರ, ರವಿವಾರ ಹೊಳ್ಳಿ ಹೋಗೂವಾಗ ನಿಮ್ಮ ಹುಂಜ ನನ್ನ ಗಾಡಿಗೆ ಸಿಕ್ಕ ಸತ್ತೈತ್ರಿ. ಹೆದರಿ ಬೇಲಿ ಆಚೆ ಒಗದು ಹ್ವಾದ್ನಿ, ನಿಮಗ ಹೇಳಲಿಲ್ರಿ. ನೀವು ಸಂಬಂಧ ಬ್ಯಾಡ ಅಂದ್ರ ಬ್ಯಾಡ್ರಿ" ಎಂದ.

ಯಾರೂ ನೋಡಿರಲಿಲ್ಲ, ಯಾರೂ ಕೇಳಿರಲಿಲ್ಲ. ಮದುವೆ ಮುರಿಯಬಹುದಾದ ಮಾತನ್ನು ತಾನೇ ಬಂದು ಹೇಳಿದನಲ್ಲ, ಅದು ಬಾಯಿಪಾಠದಿಂದ ಬರುವುದಿಲ್ಲ. ನನ್ನ ಮಟ್ಟಿಗೆ ಹುಡುಗ ಪಾಸು. ಹೂಂ ಅನ್ನುವುದು ನಿನಗೆ ಬಿಟ್ಟದ್ದು.

ತೊಂದರೆ ನನ್ನದು. ಹುಂಜವನ್ನು ಪಕ್ಕದ ಮನೆಯ ಅಮೀರಬಿಯ ಬೆಕ್ಕು ತಿಂದಿತೆಂದು ಮೂರು ದಿನ ಓಣಿಗೆಲ್ಲ ಕೇಳುವಂತೆ ಆಕೆಯನ್ನು ಬೈದಿದ್ದೇನೆ. ಅದನ್ನು ಹೇಳಿದ್ದಕ್ಕೆ ಹನೋಕ, "ನಡೀರಿ ಅವ್ವಾರ, ಇಬ್ಬರೂ ಕೂಡೇ ಹೋಗಿ ತಪ್ಪಾತು ಅನ್ನೂಣು" ಎಂದುಬಿಟ್ಟ. ತಪ್ಪಿಸಿಕೊಳ್ಳಲು ನನಗೆ ಬಸ್ಸಿದೆ ಎಂದೆ. ಯಾವ ಊರಿಗೆ ಎಂದು ಕೇಳಿದ. ಮುಂದಿನ ಸುಳ್ಳು ಬಾಯಿಗೆ ಬರಲಿಲ್ಲ. ಅಂಗಳದಲ್ಲಿ ಕಾಯುತ್ತ ನಿಂತಿದ್ದಾನೆ, ಹೊರಟಿದ್ದೇನೆ.

ನೀನು ಬಂದಾಗ ಅಮೀರಬಿಯ ದನಿ ಕೇಳಿಸುತ್ತಿದ್ದರೆ ಓಡಿ ಬಾ. ಏನೂ ಕೇಳಿಸದಿದ್ದರೆ ಆಕೆ ನಮಗೆ ಚಹಾಕ್ಕೆ ಇಟ್ಟಿದ್ದಾಳೆಂದು ತಿಳಿ.

ಅವ್ವ