ಮೆರವಣಿಗೆಯಲ್ಲಿ ಹಾರಿದ ಗುಂಡು

ಅಗರಖೇಡ

ಹೆಡ್ ಮಿಸ್ಟ್ರೆಸ್ ಕಸ್ತೂರಿ ಅಕ್ಕೋರಿಗೆ ನಮಸ್ಕಾರಗಳು.

ಬಂದೂಕಿನ ಅಪಾಯದ ಬಗ್ಗೆ ನಿಮ್ಮ ಶಾಲೆಯಲ್ಲಿ ಮಾತಾಡಲು ಶನಿವಾರ ಬರುತ್ತೇನೆ. ಹೋದ ವರ್ಷ ಮದುವೆ ಮೆರವಣಿಗೆಯಲ್ಲಿ ವರನ ಗೆಳೆಯ ಸುಭಾಸ ಖುಷಿಗೆಂದು ಹಾರಿಸಿದ ಗುಂಡು ನನ್ನ ಭುಜಕ್ಕೆ ಬಿತ್ತು. ಆ ಕೈ ಇಂದಿಗೂ ಮೇಲೇಳುವುದಿಲ್ಲ. ಜಾಮೀನಿನ ಮೇಲೆ ಹೊರಬಂದಿರುವ ಅವನು ನಿನ್ನೆ ನಮ್ಮ ಬಾಗಿಲಿಗೇ ಬಂದು, "ಸಾಲ್ಯಾಗ ಮಾತಾಡಾಕ ಹೋದ್ರ ನಿನಗ ಛಲೋ ಆಗಂಗಿಲ್ಲ ನೋಡ" ಎಂದ. ಆಗಿನಿಂದ ಕುಕ್ಕರ್ ಕೂಗಿದರೂ ಬೆಚ್ಚಿಬೀಳುತ್ತಿದ್ದೇನೆ.

ದಯವಿಟ್ಟು ಇಂಡಿ ಬಸ್‌ಸ್ಟ್ಯಾಂಡಿಗೆ ಯಾರನ್ನಾದರೂ ಕಳಿಸಿ. ಸ್ವಾಗತಕ್ಕೆ ಪಟಾಕಿ ಬೇಡ.

ಸುಭಾಸನ ಮಗಳು ನಿಮ್ಮಲ್ಲೇ ಏಳನೇ ತರಗತಿಯಲ್ಲಿ ಓದುತ್ತಾಳಂತೆ. ಅವಳನ್ನು ಯಾರೂ ಬೆರಳು ಮಾಡಿ ತೋರಿಸದಂತೆ ನೋಡಿಕೊಳ್ಳಿ. ನನ್ನನ್ನು ಕಂಡರೆ ಅವಳಿಗೂ ಹೆದರಿಕೆಯಾಗಬಹುದು.

ನಿಮ್ಮ
ಭಾಗ್ಯಜ್ಯೋತಿ